ಅಪರೂಪಕ್ಕೊಮ್ಮೆ ಮಾತ್ರ ಕೊಟ್ಟರೂ ಹಠ ಏಕೆ ಬಿಡುವುದಿಲ್ಲ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ನಾಲ್ಕು ವರ್ಷದ ಮಗ ಊಟದ ಹೊತ್ತಿಗೆ ಮೊಬೈಲ್ ಬೇಕೆಂದು ರಂಪ ಮಾಡುತ್ತಾನೆ. ಹೆಚ್ಚಿನ ದಿನ ಕೊಡುವುದಿಲ್ಲ. ಅಳು ವಿಪರೀತವಾದಾಗ ಮಾತ್ರ ಕೊಡುತ್ತೇವೆ. ಹೀಗಿದ್ದೂ ಹಠ ಏಕೆ ಕಡಿಮೆಯಾಗುತ್ತಿಲ್ಲ?

ಉತ್ತರ: ಮುಂಬೈ, ಪುಣೆಗಳ ಕನ್ನಡ ಮನೆಗಳಲ್ಲಿ ಹೆಚ್ಚುಕಡಿಮೆ ಇದೇ ರೂಪದಲ್ಲಿ ಕೇಳಿಬರುವ ಪ್ರಶ್ನೆಯಿದು. ನೀವು ಅಪರೂಪಕ್ಕೆ ಕೊಡುತ್ತಿರುವುದರಿಂದಲೇ ಹಠ ಬೇರೂರಿದೆ ಎಂಬುದು ಇದಕ್ಕೆ ಉತ್ತರ.

ಒಂದು ವರ್ತನೆಯ ಬೆನ್ನಿಗೇ ಬಯಸಿದ್ದು ದೊರೆತು ಆ ವರ್ತನೆ ಬಲಗೊಳ್ಳುವುದನ್ನು ಮನೋವಿಜ್ಞಾನದಲ್ಲಿ ಪುನರ್ಬಲನ ಎನ್ನುತ್ತಾರೆ. ದೊರೆಯುವುದು ನಿಂತ ಮೇಲೆ ವರ್ತನೆ ಕ್ರಮೇಣ ಕುಗ್ಗುವುದು ನಂದುವಿಕೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1930ರ ದಶಕದ ಆರಂಭದಲ್ಲಿ ಹಾರ್ವರ್ಡ್‌ನಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ, ಸನ್ನೆಗೋಲು ಒತ್ತಿದ ಇಲಿಗೆ ಕೊಡಬೇಕಾದ ಆಹಾರದ ಗುಳಿಗೆಗಳನ್ನು ಅವರೇ ಕೂತು ತಯಾರಿಸಬೇಕಾಗಿತ್ತು. ಒಂದು ಶನಿವಾರ ಮಧ್ಯಾಹ್ನ, ಉಳಿದ ಗುಳಿಗೆಗಳು ಸೋಮವಾರ ಬೆಳಿಗ್ಗೆಗೇ ಮುಗಿದುಹೋಗುತ್ತವೆಂದು ಅವರಿಗೆ ಮನವರಿಕೆಯಾಯಿತು. ಆದ್ದರಿಂದ ಪ್ರತಿ ಸಲವೂ ಕೊಡುವ ಬದಲು ನಿಮಿಷಕ್ಕೊಮ್ಮೆ ಮಾತ್ರ ಕೊಡತೊಡಗಿದರು. ಇಲಿಗಳು ಸನ್ನೆಗೋಲು ಒತ್ತುವುದನ್ನು ಬಿಡಲಿಲ್ಲ. ಗುಳಿಗೆ ಉಳಿಸುವ ಈ ಉಪಾಯವೇ ಮುಂದೆ ದೊಡ್ಡ ಸಂಶೋಧನೆಯಾಗಿ ಬೆಳೆಯಿತು. ಚಾರ್ಲ್ಸ್ ಫರ್‌ಸ್ಟರ್ ಅವರೊಡನೆ ಸೇರಿ ಸ್ಕಿನ್ನರ್ 1957ರಲ್ಲಿ ಇದೇ ವಿಷಯದ ಬೃಹತ್ ಗ್ರಂಥವನ್ನು ಹೊರತಂದರು. ಪ್ರತಿ ಸಲವೂ ಫಲ ಕಂಡ ವರ್ತನೆಗಿಂತ ಆಗೊಮ್ಮೆ ಈಗೊಮ್ಮೆ ಫಲ ಕಂಡ ವರ್ತನೆಯೇ ಹೆಚ್ಚು ಕಾಲ ನಂದದೆ ಉಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ದೃಢಪಟ್ಟ ಸಂಗತಿ.

ಕಾರಣವನ್ನು ಮಗುವಿನ ಕಡೆಯಿಂದ ನೋಡಬೇಕು. ದಿನವೂ ತಪ್ಪದೆ ಮೊಬೈಲ್ ಸಿಗುತ್ತಿದ್ದ ಮಗುವಿಗೆ, ಅದು ಸಿಗದೆ ಹೋದ ಎರಡು ಮೂರು ದಿನಗಳಲ್ಲಿಯೇ ಮನೆಯ ನಿಯಮ ಬದಲಾದದ್ದು ತಿಳಿಯುತ್ತದೆ. ಹತ್ತರಲ್ಲಿ ಒಂದು ದಿನ ಮಾತ್ರ ಪಡೆದ ಮಗುವಿಗೆ ಸತತ ಒಂಬತ್ತು ನಿರಾಕರಣೆಗಳೂ ಹೊಸತಲ್ಲ. ಈ ಬಾರಿಯ 'ಇಲ್ಲ' ಕೊನೆಯ ಮಾತೋ ಅಥವಾ ಇನ್ನರ್ಧ ಗಂಟೆ ಅತ್ತರೆ ಕರಗುವ ಮಾತೋ ಎಂದು ತಿಳಿಯಲು ಅದಕ್ಕೆ ದಾರಿಯೇ ಇಲ್ಲ. ಸಾಲದೆಂಬಂತೆ, ನೀವು ಕೊಡುವುದು ಅಳು ವಿಪರೀತವಾದಾಗ. ಹಾಗಾಗಿ ಸಣ್ಣ ಅಳುವಿಗೆ ಫಲವಿಲ್ಲ, ದೊಡ್ಡ ಅಳುವಿಗೆ ಉಂಟು ಎಂಬ ಪಾಠವನ್ನೂ ಅವನು ಕಲಿತಿದ್ದಾನೆ.

ಆ ಮನೆಯಲ್ಲಿ ಕಲಿಯುತ್ತಿರುವವನು ಅವನೊಬ್ಬನೇ ಅಲ್ಲ. ಕಿಕ್ಕಿರಿದ ಲೋಕಲ್‌ನಲ್ಲಿ ನಿಂತು ಬಂದು ಸುಸ್ತಾದವರಿಗೆ, ಗೋಡೆಯಾಚೆಯ ಮನೆಯವರಿಗೂ ಕೇಳಿಸುವ ಅಳು ಮೊಬೈಲ್ ಕೊಟ್ಟ ಕ್ಷಣದಲ್ಲೇ ನಿಲ್ಲುತ್ತದೆ. ಆ ನೆಮ್ಮದಿ ನಿಮ್ಮ 'ಕೊಡುವಿಕೆ'ಯನ್ನು ಬಲಪಡಿಸುತ್ತದೆ. ಅಹಿತವಾದದ್ದು ತೊಲಗುವುದರಿಂದ ವರ್ತನೆ ಬಲಗೊಳ್ಳುವ ಈ ಬಗೆಯನ್ನು ಋಣಾತ್ಮಕ ಪುನರ್ಬಲನ ಎನ್ನುತ್ತಾರೆ. ಅನೇಕರು, ಕೆಲವೊಮ್ಮೆ ಶಿಕ್ಷಕರು ಕೂಡ, ಇದನ್ನು ಶಿಕ್ಷೆಯೆಂದು ತಪ್ಪಾಗಿ ಹೇಳುವುದುಂಟು. ಶಿಕ್ಷೆ ವರ್ತನೆಯನ್ನು ಕುಗ್ಗಿಸುತ್ತದೆ, ಇದು ಹೆಚ್ಚಿಸುತ್ತದೆ. ತಂದೆತಾಯಿ ಮತ್ತು ಮಕ್ಕಳು ಹೀಗೆ ಪರಸ್ಪರರನ್ನು ಪಳಗಿಸುವ ಸುಳಿಯನ್ನು ಅಮೆರಿಕದ ಮನೋವಿಜ್ಞಾನಿ ಗೆರಾಲ್ಡ್ ಪ್ಯಾಟರ್ಸನ್ ವಿಸ್ತಾರವಾಗಿ ವಿವರಿಸಿದ್ದಾರೆ.

ಪೂರ್ತಿ ನಿಲ್ಲಿಸಲು ಹೊರಟರೆ ಮೊದಲ ಕೆಲವು ದಿನ ಹಠ ಇನ್ನಷ್ಟು ಏರಬಹುದು. ಎಷ್ಟೋ ಮನೆಗಳಲ್ಲಿ ಪ್ರಯತ್ನ ಮುರಿದುಬೀಳುವುದು ಇಲ್ಲಿಯೇ, ಮತ್ತು ಆಗ ಸೋತರೆ ಆ ಹೊಸ ಎತ್ತರಕ್ಕೇ ಫಲ ಸಿಕ್ಕಂತಾಗುತ್ತದೆ. ಕಾರ್ಲ್ ವಿಲಿಯಮ್ಸ್ 1959ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ, ಮಲಗಿಸುವಾಗ ರಂಪ ಮಾಡುತ್ತಿದ್ದ 21 ತಿಂಗಳ ಮಗುವೊಂದು, ಮನೆಯವರು ಕೋಣೆಗೆ ಮರಳದಿದ್ದ ಮೊದಲ ಸಲ 45 ನಿಮಿಷ ಅತ್ತಿತು. ಹತ್ತನೆಯ ಸಲಕ್ಕೆ ಅವರು ಹೊರಡುವಾಗ ನಗುತ್ತಿತ್ತು. ಅದಾಗಿ ಸುಮಾರು ಒಂದು ವಾರಕ್ಕೆ ಮಗುವನ್ನು ಮಲಗಿಸಿದ ಬಂಧುವೊಬ್ಬರು ಅಳು ಕೇಳಿ ಒಳಗೆ ಮರಳಿದರು. ಅಷ್ಟಕ್ಕೇ ರಂಪ ಮತ್ತೆ ಹುಟ್ಟಿಕೊಂಡು, ಮೊದಲಿನಿಂದ ಇಡೀ ಕ್ರಮವನ್ನು ಪುನರಾವರ್ತಿಸಬೇಕಾಯಿತು. ಆದ್ದರಿಂದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ನಲ್ಲಿ ಊರಿನಿಂದ ಬಂದು ಠಾಣೆಯಲ್ಲಿಳಿಯುವ ಅಜ್ಜಿಗೂ ನಿಮ್ಮ ನಿರ್ಧಾರವನ್ನು ಮೊದಲೇ ತಿಳಿಸುವುದು ಒಳ್ಳೆಯದು.

ತಡೆಹಿಡಿಯಬೇಕಾದದ್ದು ಮೊಬೈಲನ್ನು ಮಾತ್ರ, ಮಾತು ಮತ್ತು ಮುದ್ದನ್ನಲ್ಲ. ಹಸಿವು, ನೋವು, ಭಯದಿಂದ ಬರುವ ಅಳುವಿಗೆ ಈ ಲೆಕ್ಕಾಚಾರ ಸಲ್ಲದು. ಮೊಬೈಲ್ ಇಲ್ಲದೆ ಎರಡು ತುತ್ತು ತಿಂದಾಗ ಅವನ ಜೊತೆ ಕೂತು ಹರಟಿದರೆ, ನಿಲ್ಲಿಸಿದ್ದರ ಜಾಗಕ್ಕೆ ಬೇರೊಂದು ಪುನರ್ಬಲನ ಬಂದಂತಾಗುತ್ತದೆ. ಇನ್ನು, ಮೊಬೈಲ್ ಕೊಡಲೇಬೇಕೆಂದಿದ್ದರೆ ಊಟಕ್ಕೆ ಸಂಬಂಧವಿಲ್ಲದ ಒಂದು ಹೊತ್ತನ್ನು ಗೊತ್ತುಮಾಡಿ, ಅಳು ಆರಂಭವಾಗುವ ಮೊದಲೇ, ಅವನು ಕೇಳದೆಯೇ ಕೊಟ್ಟುಬಿಡಿ.