ಭಾವಮೈದುನನ ಆಯುಸ್ಸಿಗೂ ನಿಮ್ಮ ಆಯುಸ್ಸಿಗೂ ಏನು ನಂಟು?

ಲಾಲ್‌ಬಾಗಿನ ಕಲ್ಲುಬೆಂಚುಗಳಲ್ಲಿ ಬೆಳಗಿನ ಹೊತ್ತು ತಪ್ಪದೆ ಕೇಳಿಬರುವ ಮಾತು: 'ನಮ್ಮದು ಗಟ್ಟಿ ವಂಶ. ತಾತ ತೊಂಬತ್ತು ದಾಟಿದವರು, ನನಗೇನೂ ಆಗದು.' ಹೀಗೆನ್ನುವವರ ಜೇಬಿನಲ್ಲಿ ಸಿಗರೇಟು ಪೊಟ್ಟಣವೂ ಇರುತ್ತದೆ. ಹಣೆಬರಹ ಕೂರುತ್ತಿದ್ದ ಜಾಗದಲ್ಲಿ ಈಗ ಜೀನ್ ಬಂದು ಕೂತಿದೆ, ಅಷ್ಟೇ. ಸರ್ ಎಂ. ವಿಶ್ವೇಶ್ವರಯ್ಯನವರು ನೂರು ದಾಟಿ 1962ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಅವರ ತಂದೆಯೋ, ಮಗ ಇನ್ನೂ ಹುಡುಗನಾಗಿದ್ದಾಗಲೇ ಹೋಗಿಬಿಟ್ಟಿದ್ದರು. ಒಂದು ಉದಾಹರಣೆಯಿಂದ ಏನೂ ಸಾಬೀತಾಗದು, ಒಪ್ಪಿದೆ. ತಾತನದೂ ಒಂದೇ ಉದಾಹರಣೆ ತಾನೆ?

ಡೆನ್ಮಾರ್ಕಿನಲ್ಲಿ 1870ರಿಂದ 1900ರ ನಡುವೆ ಹುಟ್ಟಿದ ಅವಳಿಗಳ ಆಯುಸ್ಸನ್ನು ಹೋಲಿಸಿದ ವಿಜ್ಞಾನಿಗಳು, ಅನುವಂಶೀಯತೆಯ ಪಾಲು ಸುಮಾರು ಕಾಲುಭಾಗ ಎಂದು 1996ರಲ್ಲಿ ವರದಿ ಮಾಡಿದರು. ಎಂಬತ್ತು ವರ್ಷ ಬದುಕಿದವನಿಗೆ ಇಪ್ಪತ್ತನ್ನು ಜೀನ್ ಕೊಟ್ಟಿತು ಎಂದು ಇದರ ಅರ್ಥವಲ್ಲ. ಒಬ್ಬರು ಅರವತ್ತಕ್ಕೆ, ಇನ್ನೊಬ್ಬರು ತೊಂಬತ್ತಕ್ಕೆ ಹೋಗುವ ಆ ಏರುಪೇರಿನಲ್ಲಿ ಜೀನ್‌ಗಳ ಪಾಲೆಷ್ಟು ಎಂಬ ಲೆಕ್ಕವದು.

ನನಗೆ ಬಲು ಇಷ್ಟವಾದ ತಿರುವು ಬಂದದ್ದು 2018ರಲ್ಲಿ. ಕೋಟಿಗಟ್ಟಲೆ ಜನರ ವಂಶವೃಕ್ಷಗಳನ್ನು ಜಾಲಾಡಿದ ಅಮೆರಿಕದ ಸಂಶೋಧಕರಿಗೆ, ರಕ್ತಸಂಬಂಧವೂ ಇಲ್ಲದ, ಒಂದೇ ಸೂರಿನಡಿ ಬಾಳಿಯೂ ಇಲ್ಲದ ಭಾವಮೈದುನ, ಅತ್ತಿಗೆ, ನಾದಿನಿಯರ ಆಯುಸ್ಸಿನಲ್ಲೂ ಹೋಲಿಕೆ ಕಂಡಿತು. ಕಾರಣ ತಿಳಿಯಲು ನಮ್ಮ ಮದುವೆಯ ಬಯೋಡೇಟಾ ಒಂದನ್ನು ಬಿಡಿಸಿ ನೋಡಿ. ಗೋತ್ರ ಮಾತ್ರ ಬೇರೆಯಾಗಿರಬೇಕು. ಜಾತಿ, ಊಟ, ಓದು, ಸಂಬಳ, ಸ್ವಂತ ಮನೆ ಎಲ್ಲವೂ ಸರಿಸಮ! ಜಾತಕದಲ್ಲಿ ಆಯುಷ್ಯ ಹುಡುಕುವವರು ಅದರ ಕೆಳಗಿರುವ ಸಂಬಳದ ಸಾಲನ್ನು ಓದಿದ್ದರೆ ಸಾಕಿತ್ತು. ಅಮೆರಿಕದವರೂ ತಮ್ಮಂಥವರನ್ನೇ ಆರಿಸಿಕೊಳ್ಳುತ್ತಾರೆ, ಬಯೋಡೇಟಾ ಇಲ್ಲದೆ. ತಲೆಮಾರುಗಳಿಂದ ಹೀಗೆ ಸರಿಸಮರು ಕೂಡುತ್ತ ಬಂದಾಗ ಅನುಕೂಲ, ಅಭ್ಯಾಸಗಳೂ ವಂಶದಲ್ಲೇ ಹರಿದು ರಕ್ತದ ಗುಣದಂತೆ ಕಾಣುತ್ತವೆ. ಇದನ್ನು ಕಳೆದರೆ ಅನುವಂಶೀಯತೆಯ ಪಾಲು ಶೇಕಡಾ 10ಕ್ಕಿಂತ ಕೆಳಗಿಳಿಯುತ್ತದೆ ಎಂಬುದು ಅವರ ಲೆಕ್ಕ. (ಸೋದರಮಾವನನ್ನೇ ಮದುವೆಯಾಗುವ ನಮ್ಮ ಕಡೆಯ ಮನೆತನಗಳನ್ನು ಅವರ ಮುಂದಿಟ್ಟಿದ್ದರೆ ಪಾಪ, ತಲೆ ಕೆಡುತ್ತಿತ್ತು.)

ಸಿಗರೇಟಿನ ಲೆಕ್ಕ ಇಷ್ಟು ಜಟಿಲವಲ್ಲ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ತಂಡದ ಪ್ರಕಾರ, ಬಿಡದೆ ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ಸತ್ತರು. ಅರವತ್ತರಲ್ಲಿ ಬಿಟ್ಟವರಿಗೂ ಮೂರು ವರ್ಷ ಮರಳಿ ಸಿಕ್ಕಿತು.

ಅಪಘಾತ, ಸೋಂಕುಗಳ ಸಾವನ್ನು ಬದಿಗಿಟ್ಟರೆ ಜೀನ್‌ಗಳ ಪಾಲು ಹೆಚ್ಚುತ್ತದೆ ಎಂಬ ವಾದವೂ ಇದೆ, ಅದರಲ್ಲಿ ಹುರುಳೂ ಇದೆ. ಈ ಪಾಲು ಎಂದೂ ಸ್ಥಿರವಲ್ಲ. ಬೆಂಗಳೂರಿನ ಪ್ರತಿ ಬಡಾವಣೆಗೂ ಒಂದೇ ಬಗೆಯ ನೀರು, ಗಾಳಿ, ಚಿಕಿತ್ಸೆ ಸಿಕ್ಕರೆ, ಉಳಿಯುವ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲೇ ದೊಡ್ಡದಾಗುತ್ತದೆ.