'ಈಟ್ ಇಟ್' ಯಾಕೆ ನಗಿಸುತ್ತದೆ: 1980ರ ದಶಕದ ಅಣಕ ಹಾಡುಗಳ ಬಗ್ಗೆ ಟಿಪ್ಪಣಿ

ಜನಪ್ರಿಯ ಸಂಗೀತದ ಪಾಠದಲ್ಲಿ ಅಣಕ ಹಾಡುಗಳ ಭಾಗ ನಿನ್ನೆ ರಾತ್ರಿ ಮುಗಿಯಿತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಮೈಕೆಲ್ ಜಾಕ್ಸನ್ ಯಾರು, ಮಡೋನಾ ಯಾರು ಅಂತೆಲ್ಲ ವಿವರಿಸಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಆದರೆ ಒಂದು ಕಡೆ ನಾನು ಎರಡು ದಿನ ಸಿಕ್ಕಿಹಾಕಿಕೊಂಡಿದ್ದೆ. ಆ ಭಾಗ ಉದ್ದವಾಗಿದೆ. ನಿಮಗೂ ಅಲ್ಲೇ ತೊಡಕಾಗಿದ್ದರೆ ನೇರವಾಗಿ 'ಒತ್ತು' ಅನ್ನುವ ಕಡೆಗೆ ಹೋಗಿ.

ಮೊದಲು ಮನುಷ್ಯ

ಈ ಪಾಠದಲ್ಲಿ ಒಬ್ಬನನ್ನು ಹಿಡಿದುಕೊಂಡರೆ ಸಾಕು: ಅಮೆರಿಕದ ಅಣಕ ಹಾಡುಗಾರ 'ವಿಯರ್ಡ್ ಆಲ್' ಯಾಂಕೊವಿಕ್. ಹುಟ್ಟಿದ್ದು 1959ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಚಿಕ್ಕಂದಿನಿಂದ ಕಲಿತ ವಾದ್ಯ ಅಕಾರ್ಡಿಯನ್. ನಮ್ಮ ಹಾರ್ಮೋನಿಯಂ ಹಾಗೆಯೇ ತಿದಿ ಒತ್ತಿ ನುಡಿಸುವುದು, ಆದರೆ ಎದೆಗೆ ತಗುಲಿಹಾಕಿಕೊಂಡು. ರಾಕ್ ಸಂಗೀತದ ಕಾಲದಲ್ಲಿ ಅದು ಹಳೆಯವರ ವಾದ್ಯ ಅಂತಲೇ ಲೆಕ್ಕ. ಈ ಅಂಶ ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಓದಿದ್ದು ವಾಸ್ತುಶಿಲ್ಪ. 1979ರಲ್ಲಿ ದ ನ್ಯಾಕ್ ತಂಡದ 'ಮೈ ಶರೋನಾ' ಎಲ್ಲ ಕಡೆ ಮೊಳಗುತ್ತಿತ್ತು. ಇವನು ಅದನ್ನು ಸ್ಯಾಂಡ್‌ವಿಚ್‌ಗೆ ಹಾಕುವ ಬಲೋನಾ ಮಾಂಸದ ಹಾಡಾಗಿ ತಿರುಗಿಸಿದ. ಧ್ವನಿಮುದ್ರಣ ಆಗಿದ್ದು ಕಾಲೇಜು ರೇಡಿಯೋ ಕೇಂದ್ರದ ಎದುರಿನ ಬಚ್ಚಲಲ್ಲಿ, ಅಲ್ಲಿ ದನಿ ಚೆನ್ನಾಗಿ ಗುಂಯ್‌ಗುಟ್ಟುತ್ತದೆ ಅಂತ. ತಮಾಷೆಯ ಹಾಡುಗಳನ್ನೇ ಹಾಕುತ್ತಿದ್ದ ಡಾ. ಡಿಮೆಂಟೊ ಅವರ ರೇಡಿಯೋ ಕಾರ್ಯಕ್ರಮದಲ್ಲಿ ಅದು ಪ್ರಸಾರವಾಯಿತು.

1980ರ ಸೆಪ್ಟೆಂಬರ್ 14ರಂದು ಅದೇ ಕಾರ್ಯಕ್ರಮದಲ್ಲಿ 'ಅನದರ್ ಒನ್ ರೈಡ್ಸ್ ದ ಬಸ್' ಅನ್ನು ನೇರವಾಗಿ ಹಾಡಿದ. ಮೂಲ, ಕ್ವೀನ್ ತಂಡದ 'ಅನದರ್ ಒನ್ ಬೈಟ್ಸ್ ದ ಡಸ್ಟ್'. ಮೂಲದಲ್ಲಿ ಒಬ್ಬೊಬ್ಬರಾಗಿ ನೆಲಕ್ಕುರುಳುತ್ತಾರೆ. ಇಲ್ಲಿ ಒಬ್ಬೊಬ್ಬರಾಗಿ ಬಸ್ ಹತ್ತುತ್ತಾರೆ, ಬಸ್ಸು ತುಂಬುತ್ತಲೇ ಹೋಗುತ್ತದೆ. ಡ್ರಮ್ ಇರಲಿಲ್ಲ. ಜಾನ್ ಶ್ವಾರ್ಟ್ಸ್ ಅಕಾರ್ಡಿಯನ್ ಪೆಟ್ಟಿಗೆಯನ್ನೇ ಬಡಿದ. ಆ ಮುದ್ರಣ ಕೇಳಿ. ಧಬ್ ಧಬ್ ಅನ್ನುವ ಆ ಸದ್ದು ಕ್ವೀನ್ ತಂಡದ ಬೇಸ್ ಗಿಟಾರಿನ ಜಾಗದಲ್ಲಿ ಬಂದು ಕೂರುತ್ತದೆ. ನನಗೆ ಈ ಇಡೀ ಪಾಠದಲ್ಲಿ ತುಂಬಾ ಇಷ್ಟವಾದ ಸದ್ದು ಅದೇ. ಆ ಶ್ವಾರ್ಟ್ಸ್ ಮುಂದೆ ಅವನ ತಂಡದ ಕಾಯಂ ಡ್ರಮ್ಮರ್ ಆದ.

ನಗು ಎಲ್ಲಿದೆ

ನಾನು ಮೊದಲು ಅಂದುಕೊಂಡಿದ್ದು ಹೀಗೆ: ಹಳೆಯ ಪದ ತೆಗೆದು ತಮಾಷೆಯ ಪದ ಹಾಕಿದರೆ ಅಣಕ ಹಾಡು. ನಗು ಹೊಸ ಪದದಲ್ಲಿದೆ.

ಇದು ತಪ್ಪು. ಪರೀಕ್ಷೆ ಸುಲಭ. ಯಾಂಕೊವಿಕ್‌ನ 'ಈಟ್ ಇಟ್' ಹಾಡಿನ ಸಾಹಿತ್ಯವನ್ನು ರಾಗವಿಲ್ಲದೆ ಸುಮ್ನೆ ಓದಿ. ಊಟ ಬೇಡ ಅನ್ನುವ ಹುಡುಗನಿಗೆ ಯಾರೋ ತಿನ್ನು ತಿನ್ನು ಅಂತ ಗದರುತ್ತಿದ್ದಾರೆ, ಅಷ್ಟೇ. ಎಲ್ಲರ ಮನೆಯಲ್ಲೂ ದಿನಾ ಕೇಳುವ ಮಾತು. ನಗು ಬರುವುದಿಲ್ಲ.

ಈಗ ಹಾಡು ಹಾಕಿ. ಮೂಲವಾದ ಮೈಕೆಲ್ ಜಾಕ್ಸನ್ ಅವರ 'ಬೀಟ್ ಇಟ್' 1983ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ ಹಾಡು. ಬೀದಿ ಗುಂಪುಗಳ ಜಗಳ, ಪ್ರಾಣಭಯ. ಗಂಡಸುತನ ತೋರಿಸಲು ಹೋಗಬೇಡ, ಜಾಗ ಖಾಲಿ ಮಾಡು ಅನ್ನುವುದು ಅದರ ಸಾರ. ಅದರ ಗಿಟಾರ್ ಸೋಲೋ ನುಡಿಸಿದ್ದು ಎಡ್ಡಿ ವ್ಯಾನ್ ಹೇಲನ್. 1984ರ 'ಈಟ್ ಇಟ್'ನಲ್ಲಿ ಆ ಡ್ರಮ್ಮು, ಆ ಬಿಗಿ, ದನಿಯಲ್ಲಿನ ಆ ಸಿಟ್ಟು ಎಲ್ಲ ಹಾಗೇ ಇವೆ. ಸೋಲೋ ಕೂಡ ಇದೆ, ನುಡಿಸಿದ್ದು ರಿಕ್ ಡೆರಿಂಜರ್. ಅದು ಏರುತ್ತಾ ಏರುತ್ತಾ ಹೋಗಿ ಕೊನೆಗೆ ಸಿಡಿದೇ ಹೋಗುತ್ತದೆ. ಜೀವ ಹೋಗುವಂಥ ಇಷ್ಟೆಲ್ಲ ಏರ್ಪಾಡು ಒಬ್ಬ ಹುಡುಗ ತಟ್ಟೆ ಖಾಲಿ ಮಾಡಲಿ ಅಂತ!

ಅಂದರೆ ನಗು ಹುಟ್ಟುವುದು ಬದಲಾಗದೆ ಉಳಿದದ್ದರಿಂದ. ಪದ ಬದಲಾದದ್ದು ಬರೀ ಕಡ್ಡಿ ಗೀರಿದ ಹಾಗೆ. ಮದ್ದು ಮೂಲ ಹಾಡಿನಲ್ಲೇ ತುಂಬಿತ್ತು.

ಇದು ಹೊಳೆದ ಮೇಲೆ ಇನ್ನೊಂದೂ ಅರ್ಥವಾಯಿತು. ಅಣಕ ಮಾಡುವವನು ಮೂಲ ತಂಡದಷ್ಟೇ ಚೆನ್ನಾಗಿ ನುಡಿಸಬೇಕು. ಡ್ರಮ್ ಸ್ವಲ್ಪ ಸಡಿಲವಾದರೂ ನಗು ಸತ್ತುಹೋಗುತ್ತದೆ. ಶ್ವಾರ್ಟ್ಸ್, ಬೇಸ್ ನುಡಿಸುವ ಸ್ಟೀವ್ ಜೇ, ಗಿಟಾರಿನ ಜಿಮ್ ವೆಸ್ಟ್ ಮೂವರೂ ಬೇರೆಯವರ ಸದ್ದನ್ನು ಅಚ್ಚೊತ್ತಿದ ಹಾಗೆ ಕಟ್ಟುವುದರಲ್ಲಿ ಪಳಗಿದವರು. ಅಣಕ ಹಾಡು ಅಂದರೆ ಅಗ್ಗದ ಕೆಲಸ ಅನ್ನುವವರು ಈ ಮೂವರನ್ನು ಕಿವಿಗೊಟ್ಟು ಕೇಳಬೇಕು.

ಒತ್ತು (ನಾನು ಸಿಕ್ಕಿಹಾಕಿಕೊಂಡ ಜಾಗ)

ಪಾಠದಲ್ಲಿ ಒಂದೇ ಸಾಲು ಇತ್ತು: ಹೊಸ ಪದದ ಒತ್ತು ಮೂಲ ಪದದ ಒತ್ತಿನ ಮೇಲೆಯೇ ಬೀಳಬೇಕು. ಓದಿದೆ, ತಲೆಯಾಡಿಸಿದೆ, ಮುಂದೆ ಹೋದೆ. ಅಭ್ಯಾಸ ಮಾಡಲು ಕೂತಾಗ ಒಂದೂ ಸರಿಬರಲಿಲ್ಲ.

ಇಲ್ಲಿ ಒತ್ತು ಅಂದರೆ ನಮ್ಮ ಒತ್ತಕ್ಷರ ಅಲ್ಲ. ಇಂಗ್ಲಿಷಿನವರು ಪದದ ಒಂದು ಭಾಗವನ್ನು ಜೋರಾಗಿ, ಉಳಿದದ್ದನ್ನು ಮೆತ್ತಗೆ ಹೇಳುತ್ತಾರಲ್ಲ, ಅದು. ನಮ್ಮ ಕಿವಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾವು ಶಾಲೆಯಲ್ಲಿ ಕಲಿತದ್ದು ಲಘು, ಗುರು, ಮಾತ್ರೆ. ಅದು ಉದ್ದದ ಲೆಕ್ಕ. ಇದು ಜೋರಿನ ಲೆಕ್ಕ. ಎರಡೂ ಬೇರೆ ಬೇರೆ.

ನಾನು ಮಾಡಿದ್ದು ಇಷ್ಟು. ಮಡೋನಾ ಅವರ 1984ರ 'ಲೈಕ್ ಎ ವರ್ಜಿನ್' ತೆಗೆದುಕೊಂಡೆ. ಕೊನೆಯ ಪದದ ಜಾಗಕ್ಕೆ ಬೇರೆ ಪದ ಹುಡುಕಬೇಕು.

ಮೊದಲ ಪ್ರಯತ್ನ, ಗಿಟಾರ್. 'ವರ್-ಜಿನ್' ಎರಡೂ ಗುರು. 'ಗಿ-ಟಾರ್' ಲಘು, ಗುರು. ಹಾಡಿದಾಗ ಎಡವಿತು. ಇದು ನಮ್ಮ ಛಂದಸ್ಸಿಗೇ ಗೊತ್ತಾಗುವ ತಪ್ಪು, ಬಿಡಿ.

ಎರಡನೇ ಪ್ರಯತ್ನ, ಕಾರ್ಟೂನ್. 'ಕಾರ್-ಟೂನ್' ಗುರು, ಗುರು. ಪ್ರಸ್ತಾರ ಹಾಕಿ ನೋಡಿದೆ, ಪಕ್ಕಾ ಹೊಂದಿತು. ಖುಷಿಯಾಯಿತು. ಹಾಡಿದರೆ ಮಾತ್ರ ಏನೋ ಕಿರಿಕಿರಿ. ಇಲ್ಲೇ ನಾನು ಎರಡು ದಿನ ಕಳೆದದ್ದು. ಲೆಕ್ಕ ಸರಿ, ಹಾಡು ತಪ್ಪು. ಹೇಗೆ?

ಉತ್ತರ ಸಿಕ್ಕಿದ್ದು ಚಪ್ಪಾಳೆಯಿಂದ. ಮೂಲ ಹಾಡು ಹಾಕಿ ಪೆಟ್ಟು ಬಿದ್ದ ಕಡೆ ಚಪ್ಪಾಳೆ ಹೊಡೆಯುತ್ತಾ ಹೋದೆ. ಪೆಟ್ಟು 'ವರ್' ಮೇಲೆ ಬೀಳುತ್ತದೆ, 'ಜಿನ್' ಮೆತ್ತಗೆ ಜಾರುತ್ತದೆ. ಆಮೇಲೆ ನಿಘಂಟಿನ ಆ್ಯಪ್‌ನಲ್ಲಿ ಕಾರ್ಟೂನ್ ಉಚ್ಚಾರ ಕೇಳಿದೆ. ಇಂಗ್ಲಿಷಿನವರು 'ಟೂನ್' ಅನ್ನು ಜೋರಾಗಿ ಹೇಳುತ್ತಾರೆ! ನಾನು ಅದನ್ನು ಕನ್ನಡದ ಹಾಗೆ ಎರಡೂ ಕಡೆ ಸಮವಾಗಿ ಹೇಳಿಕೊಂಡು ಬಂದಿದ್ದೆ. ಹಾಡಿನ ಪೆಟ್ಟು 'ಕಾರ್' ಮೇಲೆ ಬಿದ್ದಾಗ ಅವರ ಕಿವಿಗೆ ಅದು ಬೇರೆ ಯಾವುದೋ ಪದ ಕೇಳಿಸಿದ ಹಾಗೆ ಆಗುತ್ತದೆ. ಕನ್ನಡದಲ್ಲಿ ತಾಳದ ಪೆಟ್ಟು ಪದದ ಯಾವ ಅಕ್ಷರದ ಮೇಲೆ ಬಿದ್ದರೂ ಪದ ಅದೇ ಆಗಿ ಉಳಿಯುತ್ತದೆ. ಹಾಗಾಗಿ ನಮಗೆ ಈ ತೊಂದರೆಯೇ ಗೊತ್ತಿರಲಿಲ್ಲ, ಅಲ್ವಾ?

ಮೂರನೇ ಪ್ರಯತ್ನ, ಪೆನ್ಸಿಲ್. ಗುರು, ಗುರು. ಒತ್ತು 'ಪೆನ್' ಮೇಲೆ. ಹಾಡಿದೆ, ಸಲೀಸಾಗಿ ಕೂತಿತು. ಆದರೆ ನಗು ಬರಲಿಲ್ಲ. ಯಾಕೆಂದರೆ ಪೆನ್ಸಿಲ್ ಕೇಳಿದಾಗ ವರ್ಜಿನ್ ನೆನಪಾಗುವುದಿಲ್ಲ. ಮೂಲ ಪದ ಕಿವಿಯ ಹಿಂದೆ ಮೊಳಗುತ್ತಲೇ ಇರಬೇಕು. ಆಗಲೇ ಎರಡು ಹಾಡು ಒಟ್ಟಿಗೆ ಕೇಳಿಸುತ್ತವೆ.

ಈಗ ಯಾಂಕೊವಿಕ್ 1985ರಲ್ಲಿ ಹಾಕಿದ ಪದ ನೋಡಿ: ಸರ್ಜನ್. 'ಲೈಕ್ ಎ ಸರ್ಜನ್'. ಉದ್ದ ಸರಿ, ಒತ್ತು ಸರಿ, ಸದ್ದೂ ಸರಿ. ಹಾಡು ಆಪರೇಷನ್ ಥಿಯೇಟರ್‌ಗೆ ಹೋಗಿ ನಿಲ್ಲುತ್ತದೆ. ಈ ಪದ ಮೊದಲು ಹೊಳೆದದ್ದು ಮಡೋನಾ ಅವರಿಗೇ! ಯಾಂಕೊವಿಕ್ ಯಾವಾಗ 'ಲೈಕ್ ಎ ಸರ್ಜನ್' ಮಾಡುತ್ತಾನೋ ಅಂತ ಅವರು ಸ್ನೇಹಿತರೊಬ್ಬರ ಹತ್ತಿರ ಅಂದರಂತೆ. ಆ ಮಾತು ಅವನ ಮ್ಯಾನೇಜರ್ ಕಿವಿಗೆ ಬಿತ್ತು.

ಎರಡನೇ ಅಕ್ಷರ: ನನ್ನ ಉಪಾಯ

ಸರ್ಜನ್, ವರ್ಜಿನ್ ಎರಡನ್ನೂ ಕನ್ನಡದಲ್ಲಿ ಒಂದರ ಕೆಳಗೆ ಒಂದು ಬರೆದು ನೋಡಿದೆ. ಎರಡನೇ ಅಕ್ಷರದಲ್ಲಿ ಎರಡಕ್ಕೂ 'ರ್ಜ' ಬಂತು. ಇದು ನಮ್ಮ ಆದಿಪ್ರಾಸವೇ! ಮೊದಲ ಅಕ್ಷರ ಬೇರೆ, ಎರಡನೇ ಅಕ್ಷರದ ವ್ಯಂಜನ ಒಂದೇ, ಅದರ ಹಿಂದಿನದು ಎರಡರಲ್ಲೂ ಗುರು.

ಕುತೂಹಲಕ್ಕೆ ಉಳಿದವನ್ನೂ ಬರೆದು ನೋಡಿದೆ. ಬೀಟ್ ಇಟ್, ಈಟ್ ಇಟ್: ಕೂಡಿಸಿ ಹೇಳಿದರೆ ಎರಡರಲ್ಲೂ 'ಟಿ'. ಟೋನಿ ಬೇಸಿಲ್ ಅವರ 'ಮಿಕಿ' 1983ರಲ್ಲಿ 'ರಿಕಿ' ಆಯಿತು: ಎರಡರಲ್ಲೂ 'ಕಿ'. ಜಾಕ್ಸನ್ ಅವರ 'ಬ್ಯಾಡ್' 1988ರಲ್ಲಿ 'ಫ್ಯಾಟ್' ಆಯಿತು: ಡ ಮತ್ತು ಟ, ಒಂದೇ ವರ್ಗ. ನಮ್ಮ ಛಂದಸ್ಸಿನವರು ಇದನ್ನು ವರ್ಗಪ್ರಾಸ ಅಂತ ಒಪ್ಪುತ್ತಾರೆ. ಬೈಟ್ಸ್, ರೈಡ್ಸ್: ಮತ್ತೆ ಟ, ಡ.

ಯಾಂಕೊವಿಕ್‌ಗೆ ಆದಿಪ್ರಾಸ ಗೊತ್ತಿತ್ತು ಅಂತ ಹೇಳುತ್ತಿಲ್ಲ. ಅವನ ಕಿವಿ ಹಿಡಿದದ್ದನ್ನು ನಾವು ನಮ್ಮ ಅಳತೆಗೋಲಿನಿಂದಲೂ ಅಳೆಯಬಹುದು, ಅಷ್ಟೇ. ನನಗಂತೂ ಬಹಳ ಉಪಯೋಗವಾಯಿತು. ಪದ ಹುಡುಕುವಾಗ ಮೊದಲ ಅಕ್ಷರವನ್ನು ಮಾತ್ರ ಬದಲಿಸುತ್ತಾ ಹೋಗುತ್ತೇನೆ, ಎರಡನೆಯದನ್ನು ಮುಟ್ಟುವುದಿಲ್ಲ. ಆಮೇಲೆ ಚಪ್ಪಾಳೆ ಹೊಡೆದು ಒತ್ತು ನೋಡುತ್ತೇನೆ.

ಉಪಾಯ ಕೈಕೊಡುವ ಕಡೆಗಳೂ ಇವೆ. ದ ಕಿಂಕ್ಸ್ ತಂಡದ 'ಲೋಲಾ' ಇವನ ಕೈಯಲ್ಲಿ 'ಯೋಡಾ' ಆಯಿತು. ಇಲ್ಲಿ ಎರಡನೇ ವ್ಯಂಜನ ಬೇರೆ. ಹಾಡನ್ನು ಹಿಡಿದಿಟ್ಟಿರುವುದು ಓ ಮತ್ತು ಆ, ಎರಡು ಸ್ವರಗಳು. 'ಐ ಲವ್ ರಾಕ್ ಎನ್ ರೋಲ್' ಅನ್ನು 'ಐ ಲವ್ ರಾಕಿ ರೋಡ್' ಅನ್ನುವ ಐಸ್‌ಕ್ರೀಮ್ ಹಾಡು ಮಾಡಿದಾಗ ಮೊದಲ ಸದ್ದುಗಳು ಹಾಗೇ ಉಳಿದು ಬಾಲ ಮಾತ್ರ ಬದಲಾಯಿತು. ಆದ್ದರಿಂದ ಪರೀಕ್ಷೆಯಲ್ಲಿ ಇದನ್ನು ನಿಯಮ ಅಂತ ಬರೆಯಬೇಡಿ. ಒತ್ತು ನಿಯಮ, ಇದು ಉಪಾಯ.

ಆ ದಶಕವೇ ಯಾಕೆ

1981ರ ಆಗಸ್ಟ್ 1ರಂದು ಹಾಡಿನ ವಿಡಿಯೋಗಳನ್ನು ತೋರಿಸುವ ಟಿವಿ ವಾಹಿನಿ ಎಂಟಿವಿ ಶುರುವಾಯಿತು. ಅಲ್ಲಿಂದ ಹಾಡು ಕೇಳುವುದಷ್ಟೇ ಅಲ್ಲ, ನೋಡುವುದೂ ಆಯಿತು. ಅದೇ ವಿಡಿಯೋಗಳು ದಿನಾ ಬರುತ್ತಿದ್ದವು. ಜಾಕ್ಸನ್ ಕೆಂಪು ಜಾಕೆಟ್ ನೋಡುಗರ ಕಣ್ಣಲ್ಲಿ ಅಚ್ಚಾಗಿತ್ತು. ಹಾಗಾಗಿ 'ಈಟ್ ಇಟ್' ವಿಡಿಯೋದಲ್ಲಿ ಯಾಂಕೊವಿಕ್ ಅಂಥದೇ ಜಾಕೆಟ್ ಹಾಕಿ ಕಾಣಿಸಿಕೊಂಡಾಗ ಬಾಯಿ ತೆರೆಯುವ ಮೊದಲೇ ನಗು ಬರುತ್ತಿತ್ತು. ಆ ಹಾಡು ಅಮೆರಿಕದ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ, ಆಸ್ಟ್ರೇಲಿಯಾದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಗ್ರ್ಯಾಮಿ ಪ್ರಶಸ್ತಿಯೂ ಬಂತು. ಎಲ್ಲರಿಗೂ ಒಂದೇ ಹಾಡು ಬಾಯಿಪಾಠ ಇರುವ ಕಾಲದಲ್ಲಿ ಮಾತ್ರ ಅಣಕ ಹಾಡು ಇಷ್ಟು ದೂರ ಹೋಗುತ್ತದೆ.

ಕೇಳಿಯೇ ಮಾಡುವುದು

ಯಾಂಕೊವಿಕ್ ಮೂಲ ಕಲಾವಿದರನ್ನು ಕೇಳಿ, ಒಪ್ಪಿದರೆ ಮಾತ್ರ ಮಾಡುತ್ತಾನೆ. ಜಾಕ್ಸನ್ ಎರಡು ಸಲ ಒಪ್ಪಿದರು. 'ಫ್ಯಾಟ್' ವಿಡಿಯೋಗೆ ತಮ್ಮದೇ ಚಿತ್ರಕ್ಕೆ ಹಾಕಿದ್ದ ಸುರಂಗ ರೈಲು ನಿಲ್ದಾಣದ ಸೆಟ್ಟನ್ನೂ ಬಿಟ್ಟುಕೊಟ್ಟರು. ಪ್ರಿನ್ಸ್ ಯಾವತ್ತೂ ಒಪ್ಪಲಿಲ್ಲ, ಇವನು ಮಾಡಲೂ ಇಲ್ಲ.

ಕಾನೂನು ಬೇರೆ ಮಾತು. 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2 ಲೈವ್ ಕ್ರ್ಯೂ ಅನ್ನುವ ರ‍್ಯಾಪ್ ತಂಡದ ಮೊಕದ್ದಮೆಯಲ್ಲಿ, ಹಣಕ್ಕಾಗಿ ಮಾಡಿದ ಅಣಕವೂ ನ್ಯಾಯವಾದ ಬಳಕೆ (ಅನುಮತಿ ಇಲ್ಲದೆಯೂ ಕಾನೂನು ಒಪ್ಪುವ ಬಳಕೆ) ಆಗಬಹುದು ಅಂದಿತು. ಅಲ್ಲಿ ಒಂದು ವ್ಯತ್ಯಾಸ ಬರುತ್ತದೆ. ಮೂಲ ಹಾಡನ್ನೇ ಗುರಿ ಮಾಡಿದರೆ ಅಣಕ. ಮೂಲ ಹಾಡನ್ನು ಹೊತ್ತುಕೊಂಡು ಬೇರೆ ಯಾವುದಕ್ಕೋ ಗುರಿ ಇಟ್ಟರೆ ವಿಡಂಬನೆ, ಅದಕ್ಕೆ ರಕ್ಷಣೆ ಕಡಿಮೆ. ಹಾಗಾದರೆ 'ಈಟ್ ಇಟ್' ಯಾವುದು? ಅದು ಜಾಕ್ಸನ್ ಮೇಲಾ, ಊಟ ಬಿಡುವ ಹುಡುಗನ ಮೇಲಾ? ನನ್ನ ಓದಿನಲ್ಲಿ ಎರಡೂ. ಅನುಮತಿ ಕೇಳುವ ಅಭ್ಯಾಸ ಇದ್ದುದರಿಂದ ಅವನು ಈ ಪ್ರಶ್ನೆಯ ಸುಳಿಗೇ ಬೀಳಲಿಲ್ಲ.

ಮುಂದಿನ ಸಲಕ್ಕೆ

1984ರ 'ಪೋಲ್ಕಾಸ್ ಆನ್ 45' ಕೇಳಿಕೊಂಡು ಬನ್ನಿ. ಇಲ್ಲಿ ತಲೆಕೆಳಗು. ಪ್ರಸಿದ್ಧ ರಾಕ್ ಹಾಡುಗಳ ಪದಗಳು ಹಾಗೇ ಇವೆ, ಸಂಗೀತ ಮಾತ್ರ ಬದಲು. ಎಲ್ಲವನ್ನೂ ಒಂದರ ಹಿಂದೆ ಒಂದು ಅಕಾರ್ಡಿಯನ್ ಪೋಲ್ಕಾ (ಯುರೋಪಿನ ಚುರುಕು ಕುಣಿತದ ಸಂಗೀತ) ಓಟದಲ್ಲಿ ಓಡಿಸುತ್ತಾನೆ. 'ಎವ್ರಿ ಬ್ರೆತ್ ಯು ಟೇಕ್' ಬಂದಾಗ ನಿಲ್ಲಿಸಿ, ಮೂಲ ಹಾಕಿ ಚಪ್ಪಾಳೆ ಹೊಡೆಯಿರಿ. ಆಮೇಲೆ ಪೋಲ್ಕಾಗೆ ಹೊಡೆಯಿರಿ. ಪದದ ಒತ್ತು ಎರಡರಲ್ಲೂ ಪೆಟ್ಟಿಗೆ ಸರಿಯಾಗಿ ಬೀಳುತ್ತದಾ, ಜಾರುತ್ತದಾ ಅಂತ ಬರೆದುಕೊಳ್ಳಿ. ನನ್ನ ಪಟ್ಟಿಯಲ್ಲಿ ಇನ್ನೂ ಮೂರು ಸಾಲು ಬಾಕಿ ಇದೆ.