ಫೀಡ್‌ಬ್ಯಾಕ್ ಎಲ್ಲಿಂದ, ಎಲ್ಲಿಗೆ?

ತುಮಕೂರಿನ ಹಳೇ ಮನೆಗಳ ಅಟ್ಟದಲ್ಲಿ ಈಗಲೂ ವಾಲ್ವ್ ರೇಡಿಯೊ ಸಿಗುವುದುಂಟು. ಒಳಗೆ ಇಎಲ್84 ಅನ್ನುವ ವಾಲ್ವ್ (ಸಿಗ್ನಲ್ಲನ್ನು ದೊಡ್ಡದು ಮಾಡುವ ಗಾಜಿನ ನಳಿಗೆ) ಇದ್ದರೆ ಅದೃಷ್ಟ. ಜಾಲಹಳ್ಳಿಯ ಬಿಇಎಲ್‌ನಲ್ಲಿ ತಯಾರಾದದ್ದೂ ಇರಬಹುದು. ಅದೊಂದರಿಂದಲೇ ಸುಮಾರು 5 ವಾಟ್ ಬರುತ್ತದೆ, ಒಂದು ಕೋಣೆಗೆ ಧಾರಾಳ. ಹೀಗೆ ಕೊನೇ ಹಂತದಲ್ಲಿ ಒಂದೇ ವಾಲ್ವ್ ದುಡಿಯುವ ಆಂಪ್ಲಿಫೈಯರ್‌ಗೆ ಸಿಂಗಲ್ ಎಂಡೆಡ್ ಅಂತಾರೆ.

ಇದಕ್ಕೆ ಫೀಡ್‌ಬ್ಯಾಕ್ (ಹೊರಬಂದ ಸಿಗ್ನಲ್‌ನ ಒಂದಿಷ್ಟನ್ನು ಹಿಂದಕ್ಕೆ ಕೊಡುವುದು) ಬೇಕೋ ಬೇಡವೋ ಅಂತ ಕಟ್ಟುವವರಲ್ಲಿ ವಾದ ಮುಗಿಯುವುದೇ ಇಲ್ಲ. ಅದನ್ನು ಎಲ್ಲಿಂದ ತೆಗೆದು ಎಲ್ಲಿಗೆ ಕೊಡುತ್ತೀರಿ ಅನ್ನುವುದೇ ಮುಖ್ಯ ಅಂತ ನನಗನ್ನಿಸುತ್ತದೆ.

ಹೊರಬಂದ ಸಿಗ್ನಲ್‌ನಲ್ಲಿ ಸ್ವಲ್ಪ ತೆಗೆದು, ಒಳಬರುವುದರಿಂದ ಕಳೆದರೆ ಡಿಸ್ಟಾರ್ಷನ್ (ಸದ್ದಿನ ವಿರೂಪ) ಇಳಿಯುತ್ತದೆ. 1927ರ ಆಗಸ್ಟ್‌ನಲ್ಲಿ ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ ಹಡ್ಸನ್ ನದಿ ದಾಟುತ್ತಾ ದಿನಪತ್ರಿಕೆಯ ಹಾಳೆಯ ಮೇಲೆ ಗೀಚಿಕೊಂಡದ್ದು ಇದನ್ನೇ. 20 ಡೆಸಿಬೆಲ್ ಫೀಡ್‌ಬ್ಯಾಕ್ ಕೊಟ್ಟರೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೋ ಅದು) ಹತ್ತನೇ ಒಂದು ಪಾಲಾಗುತ್ತದೆ, ಡಿಸ್ಟಾರ್ಷನ್ನೂ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ.

ಇಎಲ್84 ಪೆಂಟೋಡ್, ಅಂದರೆ ಐದು ಎಲೆಕ್ಟ್ರೋಡ್‌ಗಳ ವಾಲ್ವ್. ಅದರ ಒಳರೋಧ ಸುಮಾರು 38,000 ಓಮ್. 5,200 ಓಮ್‌ನಿಂದ 8 ಓಮ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಅದನ್ನು 650ರಿಂದ ಭಾಗಿಸುತ್ತದೆ. ಆದರೂ ಸ್ಪೀಕರ್ ಕಡೆಗೆ 58 ಓಮ್ ಉಳಿಯುತ್ತದೆ! ಒಳರೋಧ ಸ್ಪೀಕರ್‌ನದಕ್ಕಿಂತ ತೀರಾ ಕಮ್ಮಿ ಇದ್ದರಷ್ಟೇ ಅದರ ಅಲ್ಲಾಟ ಹಿಡಿತಕ್ಕೆ ಬರುವುದು, ಹಾಗಾಗಿ 8 ಓಮ್‌ನ ಸ್ಪೀಕರ್‌ಗೆ ಕಡಿವಾಣವೇ ಇಲ್ಲ ಅಂದಹಾಗಾಯ್ತು. ಎಸ್.ಎಸ್. ಪುರಂನ ಗೆಳೆಯರೊಬ್ಬರು ಕಟ್ಟಿದ್ದರಲ್ಲಿ ಮೃದಂಗದ ಎಡಗೈ ಪೆಟ್ಟು ನಿಲ್ಲಬೇಕಾದಲ್ಲಿ ನಿಲ್ಲದೆ 'ಗುಮ್ಮ್' ಅಂತ ಎಳೆಯುತ್ತಿತ್ತು.

ಅವರು ಮೊದಲು ಇಎಲ್84ರ ಕ್ಯಾಥೋಡ್‌ನ (ವಾಲ್ವ್‌ನಲ್ಲಿ ಎಲೆಕ್ಟ್ರಾನ್ ಹೊರಡುವ ತುದಿ) ಕೆಪಾಸಿಟರ್ ಬಿಚ್ಚಿದರು. ಆಗ ಕ್ಯಾಥೋಡ್ ರೆಸಿಸ್ಟರ್ ಮೇಲೆ ಏಳುವ ಸಿಗ್ನಲ್ ಒಳಬರುವುದನ್ನು ಕುಗ್ಗಿಸುತ್ತದೆ, ಅದೂ ಫೀಡ್‌ಬ್ಯಾಕೇ, ಡಿಸ್ಟಾರ್ಷನ್ ಇಳಿಯುತ್ತದೆ. ಆದರೆ ಅದು ಕರೆಂಟನ್ನು ಹದ್ದುಬಸ್ತಿನಲ್ಲಿಡುತ್ತದೆ, ವೋಲ್ಟೇಜನ್ನಲ್ಲ. ಹಾಗಾಗಿ ಒಳರೋಧ ಇನ್ನೂ ಏರುತ್ತದೆ. ಎಳೆತ ಜಾಸ್ತಿಯೇ ಆಯ್ತು.

ಆಮೇಲೆ ಕೆಪಾಸಿಟರ್ ಹಾಕಿ, ಇಎಲ್84ರ ಪ್ಲೇಟಿನಿಂದ (ಎಲೆಕ್ಟ್ರಾನ್ ಬಂದು ಸೇರುವ ತುದಿ) ಹಿಂದಿನ ಹಂತದ ವಾಲ್ವ್ ಇಸಿಸಿ83ರ ಪ್ಲೇಟಿಗೆ ಒಂದೇ ಒಂದು ರೆಸಿಸ್ಟರ್ ಬೆಸುಗೆ ಹಾಕಿದರು. (ಸ್ವಿಚ್ ಆಫ್ ಮಾಡಿದರೂ ಪವರ್ ಸಪ್ಲೈನ ಕೆಪಾಸಿಟರ್‌ಗಳಲ್ಲಿ 250 ವೋಲ್ಟ್ ಕೂತಿರಬಹುದು. ಖಾಲಿ ಮಾಡದೆ ಕೈ ಹಾಕಲೇಬೇಡಿ, ಜೀವ ಹೋಗುತ್ತದೆ.) ಈಗ ಪೆಟ್ಟು ಪೆಟ್ಟಿನ ಹಾಗೆ ಕೇಳಿಸಿತು. ಪ್ಲೇಟಿನ ವೋಲ್ಟೇಜನ್ನೇ ಹಿಂದಕ್ಕೆ ಕೊಟ್ಟದ್ದರಿಂದ ಒಳರೋಧ ಬಿತ್ತು. ನನಗೆ ತುಂಬ ಇಷ್ಟವಾದ ದಾರಿ ಇದು, ಟ್ರಾನ್ಸ್‌ಫಾರ್ಮರ್ ಈ ಸುತ್ತಿನೊಳಗೆ ಬರುವುದೇ ಇಲ್ಲವಲ್ಲ.

ಸ್ಪೀಕರ್ ತುದಿಯಿಂದ ಮೊದಲ ವಾಲ್ವ್‌ನ ಕ್ಯಾಥೋಡ್‌ಗೆ ತರುವ ದೊಡ್ಡ ಸುತ್ತು ಟ್ರಾನ್ಸ್‌ಫಾರ್ಮರ್‌ನ ಐಬನ್ನೂ ತಿದ್ದುತ್ತದೆ. ಆದರೆ ಸಿಂಗಲ್ ಎಂಡೆಡ್‌ನಲ್ಲಿ ಡಿಸಿ ಕರೆಂಟೂ ಹರಿಯುವುದರಿಂದ ಟ್ರಾನ್ಸ್‌ಫಾರ್ಮರ್ ಕೋರ್‌ನಲ್ಲಿ ಸಣ್ಣ ಸಂದು ಬಿಟ್ಟಿರುತ್ತಾರೆ, ಹಾಗಾಗಿ ಇಂಡಕ್ಟೆನ್ಸ್ (ಕೆಳಸ್ವರಗಳನ್ನು ಸೋರದಂತೆ ಹಿಡಿಯುವ ಗುಣ) ಕಮ್ಮಿ. ತೀರಾ ಕೆಳಗಿನ, ತೀರಾ ಮೇಲಿನ ಸ್ವರಗಳಲ್ಲಿ ಫೇಸ್ (ಅಲೆಯ ಏರಿಳಿತದ ಸಮಯ) ಜಾರುತ್ತದೆ. ಜಾಸ್ತಿ ಫೀಡ್‌ಬ್ಯಾಕ್ ಕೊಟ್ಟರೆ ಕಳೆಯಬೇಕಾದದ್ದು ಕೂಡಲು ಶುರುವಾಗಿ ಆಂಪ್ಲಿಫೈಯರ್ ತಾನೇ ಕೂಗಬಹುದು. 6ರಿಂದ 10 ಡೆಸಿಬೆಲ್‌ಗೆ ನಿಲ್ಲಿಸುವುದು ಕ್ಷೇಮ. ಫೀಡ್‌ಬ್ಯಾಕ್ ತಂತಿ ಜೋಡಿಸಿದ ತಕ್ಷಣವೇ ಜೋರಾಗಿ ಕಿರುಚಿದರೆ ಮಾತ್ರ ಬೇರೇನೂ ಹುಡುಕಬೇಡಿ, ಅದು ಉಲ್ಟಾ ಸೇರಿ ಕಳೆಯುವ ಬದಲು ಕೂಡುತ್ತಿರುತ್ತದೆ. ಆಫ್ ಮಾಡಿ, ಟ್ರಾನ್ಸ್‌ಫಾರ್ಮರ್‌ನ ಸ್ಪೀಕರ್ ಕಡೆಯ ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡಿ.